ಎಂಟನೇ ಪ್ರಶ್ನೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಅಕ್ಕ ಹೊನ್ನಮ್ಮನ ಕಾಯಿಲೆಗೆ ಹೆಸರಾಯಿತು. ಅಂದು ಮಂಗಳವಾರ. ದವಾಖಾನೆಯ ಕೋಣೆಯಲ್ಲಿ ಮೂವರಿದ್ದೆವು: ಅಕ್ಕ, ನರ್ಸ್ ಎಸ್ತರಮ್ಮ, ನಾನು. ಹೆಸರಿಟ್ಟದ್ದು ಯಂತ್ರ.

ನಮ್ಮ ಊರಿನಲ್ಲಿ ಹೆಸರಿಡುವ ತನಕ ಕಾಯಿಲೆ ಕದಲುವುದಿಲ್ಲ. ಬಂದ ದಿನ ಎಷ್ಟಿತ್ತೋ ಅಷ್ಟೇ ಇರುತ್ತದೆ. ಮಗುವಿನ ಜ್ವರ ನೂರಾ ಎರಡಕ್ಕೆ ನಿಂತರೆ ಹೆಸರಾಗುವ ತನಕ ನೂರಾ ಎರಡೇ. ವೈದ್ಯರು ತೀರ್ಮಾನಕ್ಕೆ ಬಂದು, ಇದು ಇಂಥದ್ದು ಎಂದು ರೋಗಿಯ ಎದುರಿಗೆ ಹೇಳಿದ ಮೇಲೆ ಕಾಯಿಲೆ ತನ್ನ ದಾರಿ ಹಿಡಿದು ಹೊರಡುತ್ತದೆ. ಔಷಧ ಹತ್ತುವುದೂ ಆಮೇಲೆಯೇ. ಹೊರಟ ಕಾಯಿಲೆಗಳಲ್ಲಿ ಹೆಚ್ಚಿನವು ವಾಸಿಯಾಗುತ್ತವೆ. ಕೆಲವು ಆಗುವುದಿಲ್ಲ. ಅಕ್ಕಪಕ್ಕದವರ ಊಹೆಗೆ ಬಲವಿಲ್ಲ, ವೈದ್ಯರ ತೀರ್ಮಾನಕ್ಕೆ ಮಾತ್ರ ಬಲ. ಆದರೂ ಜನ ಬಾಯಿ ಬಿಗಿಹಿಡಿದೇ ಮಾತನಾಡುತ್ತಾರೆ. ಗ್ರಂಥಾಲಯದಲ್ಲಿ ವೈದ್ಯಕೀಯ ಪುಸ್ತಕಗಳ ಬೀರುವಿಗೆ ಬೀಗವಿದೆ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಮನೆಯಲ್ಲಿ ಯಾರಿಗೆ ಹೆಸರಾಗಿದೆ, ಯಾರಿಗೆ ಆಗಿಲ್ಲ ಎಂದು ವಿಚಾರಿಸುತ್ತಾರೆ.

ಹೆಸರಿಡುವ ಕೆಲಸವನ್ನು ನಲವತ್ತೊಂದು ವರ್ಷ ಮಾಡಿದವರು ಡಾಕ್ಟರ್ ಖಮರುದ್ದೀನ್. ಊರಿಗೆಲ್ಲ ಅವರು ಸಾಹೇಬರು. ನಾನು ಊರಿನ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಮೂರನೇ ಪುಟದಲ್ಲಿ ‘ನಿನ್ನೆಯ ಹೆಸರುಗಳು’ ಎಂಬ ಅಂಕಣ ಬರುತ್ತಿತ್ತು: ರೋಗಿಯ ಹೆಸರು, ವಯಸ್ಸು, ಬೀದಿ, ಕಾಯಿಲೆ. ಓದಿದವರು ಆ ಮನೆಗೆ ಗಂಜಿ ಕಳಿಸುವುದೋ, ಕೆಲಸಕ್ಕೆ ಬದಲಿ ಆಳು ಹೋಗುವುದೋ ನಿರ್ಧರಿಸುತ್ತಿದ್ದರು. ಆ ಅಂಕಣಕ್ಕಾಗಿ ನಾನು ಹತ್ತೊಂಬತ್ತು ವರ್ಷ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ, ಸಾಹೇಬರ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಬರೆದುಕೊಂಡೆ. ರೋಗಿ ಏನು ಹೇಳಿದ, ಸಾಹೇಬರು ಏನು ಕೇಳಿದರು, ಎಲ್ಲಿ ಒತ್ತಿ ನೋಡಿದರು, ಕೊನೆಗೆ ಯಾವ ಹೆಸರಿಟ್ಟರು. ಪತ್ರಿಕೆಗೆ ಒಂದು ಸಾಲು ಸಾಕಿತ್ತು. ಪೂರ್ತಿ ಬರೆದುಕೊಳ್ಳುವುದು ನನ್ನ ಅಭ್ಯಾಸ.

ಸಾಹೇಬರ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: ‘ಊಟ ಆಯ್ತಾ? ಏನು ಮಾಡಿದ್ರು?’ ಏನು ಉಂಡರು, ಎಷ್ಟು ಉಂಡರು, ಹೇಳುವಾಗ ಉಸಿರು ಎಲ್ಲಿ ನಿಂತಿತು ಎಂಬುದರಲ್ಲೇ ಅವರಿಗೆ ಅರ್ಧ ತಿಳಿಯುತ್ತಿತ್ತು. ಎಲ್ಲ ಸೇರಿ ಏಳು ಪ್ರಶ್ನೆ. ಏಳನೆಯದಾದ ಮೇಲೆ ಹೆಸರು ಹೇಳುತ್ತಿದ್ದರು.

ಎಲ್ಲರಿಗೂ ಹೇಳುತ್ತಿರಲಿಲ್ಲ. ಮೂವರಲ್ಲಿ ಒಬ್ಬರಿಗೆ, ಏಳು ಪ್ರಶ್ನೆ ಮುಗಿದ ಮೇಲೆ, ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ ಎಂಟನೆಯದೊಂದನ್ನು ಕೇಳುತ್ತಿದ್ದರು. ಅಂಗಡಿಯವನಾದರೆ ಅಂಗಡಿ ನಡೀತಿದೆಯಾ, ಮೇಷ್ಟರಾದರೆ ಪಾಠ ನಡೀತಿದೆಯಾ. ನಡೀತಿದೆ ಎಂದರೆ, ‘ನೋಡೋಣ. ಬರೋ ವರ್ಷ ಬನ್ನಿ’ ಎನ್ನುತ್ತಿದ್ದರು. ಅಷ್ಟೇ. ಹೆಸರಿಲ್ಲ, ಔಷಧವಿಲ್ಲ. ಅಂಥವರನ್ನು ಊರಿನಲ್ಲಿ ನೋಡೋಣದವರು ಎಂದು ಕರೆಯುತ್ತಿದ್ದರು. ನೋಡೋಣದವರು ಪ್ರತಿ ವರ್ಷ ಅದೇ ತಾರೀಕಿಗೆ ಬಂದು ತೋರಿಸಿಕೊಂಡು, ಮತ್ತೆ ನೋಡೋಣ ಅನ್ನಿಸಿಕೊಂಡು ಹೋಗಿ, ಬದುಕುತ್ತಿದ್ದರು.

ಅಕ್ಕ ನೋಡೋಣದವಳು. ಅವಳು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಎಡಗಡೆ ಕೊರಳೆಲುಬಿನ ಕೆಳಗೆ ಹುಣಸೆಬೀಜದಷ್ಟು ಒಂದು ಗಂಟು. ಹನ್ನೊಂದು ವರ್ಷದಿಂದ ಅದು ಹುಣಸೆಬೀಜದಷ್ಟೇ ಇತ್ತು. ಹನ್ನೊಂದು ವರ್ಷ ಸಾಹೇಬರು ‘ಮಿಲ್ಲು ನಡೀತಿದೆಯಾ ಹೊನ್ನಮ್ಮ?’ ಎಂದು ಕೇಳಿದ್ದರು. ಅವಳು ‘ನಡೀತಿದೆ ಸಾಹೇಬ್ರೇ’ ಎಂದಿದ್ದಳು. ಒಮ್ಮೆ ನಾನೇ ಸಾಹೇಬರನ್ನು ವಿಚಾರಿಸಿದೆ, ಅದೇನೆಂದು ನಿಮಗೆ ಗೊತ್ತಿಲ್ಲವೇ ಎಂದು.

‘ಗೊತ್ತು ಅಂತ ಅನ್ಸುತ್ತೆ,’ ಎಂದರು. ‘ಹೆಸರಿಟ್ರೆ ಅರ್ಧಕ್ಕರ್ಧ. ವಾಸಿಯಾದ್ರೂ ಆಗಬಹುದು. ಅವಳು ರಾಗಿ ಬೀಸ್ತಿದಾಳಲ್ಲ ನಿಂಗರಾಜು, ಬೀಸ್ಲಿ.’

ಇದನ್ನು ನಾನು ಬರೆದುಕೊಳ್ಳಲಿಲ್ಲ. ಪತ್ರಿಕೆ ಸೇರಿದ ಹೊಸತರಲ್ಲಿ ನಮ್ಮ ಸಂಪಾದಕರು ಒಂದು ನಿಯಮ ಕಲಿಸಿದ್ದರು: ನಡೆದದ್ದನ್ನು ಬರಿ, ನಡೆಯದೇ ಇದ್ದದ್ದು ಸುದ್ದಿಯಲ್ಲ. ಯಾರಿಗಾದರೂ ಸಾಹೇಬರು ನೋಡೋಣ ಎಂದ ಕೂಡಲೇ, ಅಲ್ಲಿಯತನಕ ಬರೆದದ್ದರ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದು ಮುಂದಿನ ರೋಗಿಗೆ ಹೋಗುತ್ತಿದ್ದೆ.

ಸಾಹೇಬರಿಗೆ ಎಪ್ಪತ್ತನಾಲ್ಕಾದಾಗ ಅವರ ಬಲಗೈ ನಡುಗಲು ಶುರುವಾಯಿತು. ಹೆಸರಿಡದ ನಡುಕ, ಹಾಗಾಗಿ ಹೆಚ್ಚಲಿಲ್ಲ, ಆದರೆ ಆ ಕೈಯಲ್ಲಿ ಹೊಟ್ಟೆ ಒತ್ತಿ ನೋಡಲು ಆಗುತ್ತಿರಲಿಲ್ಲ. ಊರಿಗೆ ಬರಲು ಬೇರೆ ವೈದ್ಯರು ಒಪ್ಪಲಿಲ್ಲ. ಬಂದ ಇಬ್ಬರು ತಮ್ಮ ಮಾತಿಗೆ ಇಲ್ಲಿರುವ ಭಾರ ಕಂಡು ತಿಂಗಳೊಳಗೆ ಹೊರಟುಹೋದರು. ಕೊನೆಗೆ ಪುರಸಭೆಯವರು ಕೃತಕ ಬುದ್ಧಿಮತ್ತೆಯ ಯಂತ್ರ ತರಿಸುವುದೆಂದು ತೀರ್ಮಾನಿಸಿದರು. ಅದನ್ನು ಕಟ್ಟಲು ಬಂದವರು ವಸುಧಾ ಎಂಬ ಎಂಜಿನಿಯರ್, ಮೂವತ್ತರ ಆಸುಪಾಸಿನವರು.

‘ನಮ್ಮ ಯಂತ್ರಕ್ಕೆ ಕಾಯಿಲೆಗಳನ್ನ ಕಲಿಸೋದು ಸುಲಭ ಸರ್, ಪುಸ್ತಕದಲ್ಲಿವೆ,’ ಎಂದು ವಸುಧಾ ಮೊದಲ ದಿನವೇ ಹೇಳಿದರು. ‘ನಮಗೆ ಬೇಕಾಗಿರೋದು ಸಾಹೇಬರು ತೀರ್ಮಾನಕ್ಕೆ ಹೇಗೆ ಬರ್ತಾರೆ ಅನ್ನೋದು. ಏನು ಕೇಳಿ, ಏನು ನೋಡಿ, ಯಾವುದನ್ನ ಬಿಟ್ಟು. ಅದಕ್ಕೆ ದಾಖಲೆ ಬೇಕು.’

ದಾಖಲೆ ಇದ್ದದ್ದು ನನ್ನ ಹತ್ತಿರ ಮಾತ್ರ. ಅರವತ್ತೇಳು ನೋಟ್‌ಬುಕ್. ನನಗೆ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಐದು ತಿಂಗಳು ನಾನು ಓದಿ ಹೇಳಿದೆ, ವಸುಧಾ ಟೈಪ್ ಮಾಡಿದರು. ಎರಡನೇ ವಾರದಲ್ಲಿ ಅವರು ಒಂದು ಪುಟದ ಮೇಲೆ ಬೆರಳಿಟ್ಟರು.

‘ಸರ್, ಈ ಅಡ್ಡಗೆರೆ ಹೊಡೆದಿರೋವು? ಸುಮಾರಿವೆ.’

‘ಅವು ಆಗದೇ ಇದ್ದವು.’

‘ಆಗದೇ ಅಂದ್ರೆ?’

‘ಹೆಸರಾಗಲಿಲ್ಲ. ಬಿಟ್ಟುಬಿಡಿ.’

‘ಖಂಡಿತಾನಾ? ನಾನು ಹೊರಗಿನವಳು. ನೀವು ಹೇಗೆ ಹೇಳಿದ್ರೆ ಹಾಗೆ.’

‘ಹತ್ತೊಂಬತ್ತು ವರ್ಷದಿಂದ ಹೀಗೇ ಮಾಡ್ಕೊಂಡು ಬಂದಿದೀನಿ,’ ಎಂದೆ.

ಅವರು ಬಿಟ್ಟುಬಿಟ್ಟರು. ಹೆಸರಾದ ಹತ್ತು ಸಾವಿರದ ಆರುನೂರ ಹನ್ನೊಂದು ಪ್ರಕರಣಗಳು ಯಂತ್ರಕ್ಕೆಂದು ಸಿದ್ಧವಾದವು. ಅದರಲ್ಲಿ ಒಂದು ಸಾವಿರವನ್ನು ಪರೀಕ್ಷೆಗೆಂದು ಬೇರೆ ತೆಗೆದಿಟ್ಟಿದ್ದರು. ಯಂತ್ರ ಅವನ್ನು ಕಂಡಿರಲಿಲ್ಲ. ಆ ಸಾವಿರದಲ್ಲಿ ಅದು ಸಾಹೇಬರ ಹೆಸರನ್ನೇ ಹೇಳಿದ್ದು ಒಂಬೈನೂರ ನಲವತ್ತು ಸಲ. ಫಲಿತಾಂಶವನ್ನು ಸಾಹೇಬರ ಮನೆಗೆ ಹೋಗಿ ಹೇಳಿದೆವು. ಅವರು ನಡುಗುವ ಕೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದರು.

‘ಉಳಿದ ಅರವತ್ತರಲ್ಲಿ ಅದರದ್ದೇ ಸರಿ ಇರಬೇಕು ಕಣಮ್ಮ,’ ಎಂದು ನಕ್ಕರು. ‘ಅವತ್ತೆಲ್ಲಾ ನನಗೆ ಹಸಿವಾಗಿರುತ್ತೆ.’

ಎಂಟನೇ ಪ್ರಶ್ನೆಯ ಬಗ್ಗೆ ಅವರು ವಿಚಾರಿಸಲಿಲ್ಲ. ನಾನು ಎಲ್ಲವನ್ನೂ ಬರೆದಿದ್ದೇನೆಂದು ಅವರಿಗೆ ನಂಬಿಕೆಯಿತ್ತು. ಅದಾದ ಎಂಟನೇ ದಿನ ಬೆಳಿಗ್ಗೆ ಅವರು ನನ್ನನ್ನು ಕರೆಸಿ, ಸ್ಟೂಲಿನ ಮೇಲೆ ಕೂರಿಸಿ, ತಮ್ಮ ನಡುಕಕ್ಕೆ ತಾವೇ ಹೆಸರಿಟ್ಟುಕೊಂಡರು. ಯಾಕೆ ಸಾಹೇಬರೇ ಎಂದೆ. ‘ಇನ್ನು ನನ್ನ ಕೈ ಯಾರಿಗೂ ಬೇಕಾಗಿಲ್ಲವಲ್ಲ. ಎಷ್ಟು ದಿನ ನಿಲ್ಲಿಸ್ಕೊಂಡಿರೋದು?’ ಎಂದರು. ನಡುಕ ಕೈಯಿಂದ ಕಾಲಿಗೆ, ಕಾಲಿನಿಂದ ನಾಲಿಗೆಗೆ ಹೋಯಿತು. ಆರು ವಾರಕ್ಕೆ ತೀರಿಕೊಂಡರು. ‘ನಿನ್ನೆಯ ಹೆಸರುಗಳು’ ಅಂಕಣದಲ್ಲಿ ಅವರದನ್ನೂ ಎಲ್ಲರಂತೆ ಒಂದೇ ಸಾಲಿನಲ್ಲಿ ಹಾಕಿದ್ದೆವು.

ಯಂತ್ರ ಕೆಲಸ ಶುರುಮಾಡಿದ ದಿನ ದವಾಖಾನೆಯ ಮುಂದೆ ಜಾತ್ರೆಯಷ್ಟು ಜನ. ಸಾಹೇಬರ ಮೇಜಿನ ಮೇಲೆ ಒಂದು ಪರದೆ, ಒಂದು ಕ್ಯಾಮೆರಾ, ಒಂದು ಸ್ಪೀಕರ್. ಮುಟ್ಟಿ ನೋಡಬೇಕಾದದ್ದನ್ನು ಎಸ್ತರಮ್ಮ ಮುಟ್ಟಿ ಹೇಳಬೇಕು. ಮೊದಲು ಕೂತವನು ಬಳೆ ಅಂಗಡಿಯ ರುದ್ರಯ್ಯ, ಹೊಟ್ಟೆನೋವು. ಸ್ಪೀಕರಿನಿಂದ ‘ಊಟ ಆಯ್ತಾ? ಏನು ಮಾಡಿದ್ರು?’ ಎಂದು ಕೇಳಿಸಿದಾಗ ಹೊರಗೆ ನಿಂತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರುದ್ರಯ್ಯ ಮಾತ್ರ, ‘ಇದಕ್ಕೂ ಅದೇ ಚಪಲ ನೋಡಪ್ಪ’ ಎಂದ. ಅವನಿಗೆ ಹೆಸರಾಯಿತು, ಔಷಧ ಹತ್ತಿತು, ನಾಲ್ಕು ದಿನಕ್ಕೆ ಅಂಗಡಿ ತೆರೆದ. ಯಂತ್ರದ ತೀರ್ಮಾನಕ್ಕೂ ಬಲವಿದೆ ಎಂಬುದು ಖಚಿತವಾಯಿತು. ಜನ ಅದನ್ನು ಚಿಕ್ಕ ಸಾಹೇಬರು ಎನ್ನತೊಡಗಿದರು.

ಇಪ್ಪತ್ತಮೂರನೇ ದಿನ ಅಕ್ಕನ ತಾರೀಕು. ಹಿಂದಿನ ಸಂಜೆ ನಾನು ಗಿರಣಿಗೆ ಹೋದೆ. ಅವಳು ಹುಬ್ಬಿನ ಮೇಲೆಲ್ಲ ಹಿಟ್ಟು ಹಿಡಿಸಿಕೊಂಡು ಯಾರದೋ ಗೋಧಿ ಡಬ್ಬ ಕಟ್ಟುತ್ತಿದ್ದಳು.

‘ಲೋ ನಿಂಗ, ನಿಮ್ಮ ಚಿಕ್ಕ ಸಾಹೇಬ್ರಿಗೆ ಕಣ್ಣು ಕಾಣುತ್ತೇನೋ?’

‘ಕಾಣುತ್ತೆ. ಕ್ಯಾಮೆರಾ ಇದೆ.’

‘ಹಾಗಾದ್ರೆ ನಿನಗಿಂತ ವಾಸಿ.’ ಡಬ್ಬದ ಮುಚ್ಚಳ ಒತ್ತಿ ಪಕ್ಕಕ್ಕಿಟ್ಟಳು. ‘ಈ ವರ್ಷ ಬಿಟ್ಟುಬಿಡ್ಲಾ ಅಂತಿದೀನಿ ಕಣೋ. ಬಾ ಅಂದೋರೇ ಇಲ್ಲ.’

‘ಅದೂ ಸಾಹೇಬ್ರ ಥರಾನೇ ಅಕ್ಕ. ನಾನೇ ಬರೆದುಕೊಟ್ಟಿದ್ದು. ತೋರಿಸ್ಬಿಟ್ಟು, ನೋಡೋಣ ಅನ್ನಿಸ್ಕೊಂಡು ಬಾ.’

‘ನೀನು ಬರೆದದ್ದು ಅಂದ್ರೆ ಸರಿಯಾಗೇ ಇರುತ್ತೆ ಬಿಡು. ಒಂದಕ್ಷರ ತಪ್ಪಾದ್ರೆ ಊಟ ಬಿಡೋ ಗಿರಾಕಿ.’

ಮರುದಿನ ಹನ್ನೊಂದಕ್ಕೆ ಅವಳ ಸರದಿ ಬಂತು. ಮುಖ ತೊಳೆದು, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ನಾನು ನನ್ನ ಸ್ಟೂಲಿನ ಮೇಲಿದ್ದೆ. ಯಂತ್ರ ಊಟ ಕೇಳಿತು. ‘ಮುದ್ದೆ, ಹುರುಳಿ ಸಾರು’ ಎಂದಳು. ನಿದ್ದೆ ಕೇಳಿತು. ಎಷ್ಟು ದಿನದಿಂದ ಎಂದು ಕೇಳಿತು. ಎಸ್ತರಮ್ಮ ಎರಡು ಬೆರಳಿಟ್ಟು, ‘ಹುಣಸೆಬೀಜದಷ್ಟು, ಗಟ್ಟಿ, ಒತ್ತಿದರೆ ಜರುಗಲ್ಲ’ ಎಂದರು. ನೋವಿದೆಯೇ ಎಂದು, ರಾತ್ರಿ ಜ್ವರ ಬರುತ್ತದೆಯೇ ಎಂದು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿತು. ರವಿಕೆ ಸಡಿಲವಾಗಿದೆಯೇ ಎಂದು ಕೇಳಿತು. ಅದು ಏಳನೆಯದು. ‘ಇಲ್ಲ’ ಎಂದಳು.

ನಾನು ಪೆನ್ನು ಎತ್ತಿ ಅಡ್ಡಗೆರೆ ಎಳೆಯಲು ಸಿದ್ಧನಾಗಿ ಕೂತೆ. ಅಕ್ಕನೂ ಅಭ್ಯಾಸದಂತೆ ಕಿಟಕಿಯ ಕಡೆ ನೋಡಿದಳು. ಸಾಹೇಬರು ಅಲ್ಲಿ ನೋಡುವಷ್ಟು ಹೊತ್ತೂ ಆಗಲಿಲ್ಲ. ಯಂತ್ರ ಹೆಸರು ಹೇಳಿತು.

ಆ ಹೆಸರನ್ನು ನಾನು ಪತ್ರಿಕೆಗೆ ಕೊಟ್ಟೆ, ಮರುದಿನ ಅಚ್ಚಾಯಿತು. ಇಲ್ಲಿ ಮತ್ತೆ ಬರೆಯುವುದಿಲ್ಲ. ಹೆಸರು ಸರಿಯಾಗಿತ್ತು ಎಂಬುದನ್ನು ಮಾತ್ರ ಬರೆಯಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ನೋಡಿದವರೂ ಅದನ್ನೇ ಹೇಳಿದರು.

ಎಸ್ತರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ಅಕ್ಕ ಯಂತ್ರವನ್ನು, ಆಮೇಲೆ ನನ್ನನ್ನು ನೋಡಿದಳು.

‘ಮಿಲ್ಲಿನ ವಿಷಯ ಕೇಳಲೇ ಇಲ್ಲವಲ್ಲೋ ಇದು,’ ಎಂದಳು.

ಅವಳನ್ನು ಮನೆಗೆ ಬಿಟ್ಟು ಬಂದು ನೋಟ್‌ಬುಕ್‌ಗಳನ್ನು ಹಾಸಿಕೊಂಡು ಕೂತೆ. ಎಂಟನೇ ಪ್ರಶ್ನೆ ಎಲ್ಲೆಲ್ಲಿದೆ ಎಂದು ಹುಡುಕಿದೆ. ಅಡ್ಡಗೆರೆ ಹೊಡೆದ ಪುಟಗಳಲ್ಲಿ ಇತ್ತು. ಆ ಪ್ರಶ್ನೆಗೆ ನಡೀತಿಲ್ಲ ಎಂದವರು ಒಬ್ಬರೂ ಇರಲಿಲ್ಲ, ಹಾಗಾಗಿ ಉಳಿದ ಪುಟಗಳಲ್ಲಿ ಅದು ಒಂದು ಕಡೆಯೂ ಇರಲಿಲ್ಲ. ನಾನು ಕೊಟ್ಟ ದಾಖಲೆಯಲ್ಲಿ ಸಾಹೇಬರು ಹತ್ತು ಸಾವಿರದ ಆರುನೂರ ಹನ್ನೊಂದು ಸಲ ಹೆಸರಿಟ್ಟಿದ್ದರು, ಒಂದೇ ಒಂದು ಸಲವೂ ಸುಮ್ಮನಿರಲಿಲ್ಲ. ಯಂತ್ರ ಆ ಸಾಹೇಬರನ್ನು ಕಲಿತಿತ್ತು. ಮೂರು ಗಂಟೆಗೆ ವಸುಧಾ ಅವರಿಗೆ ತೋರಿಸಿದೆ. ಅವರು ನಾಲ್ಕು ಪುಟ ಓದಿದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಯಂತ್ರ ನಿಲ್ಲಿಸಿದರು. ಆ ಇಪ್ಪತ್ತಮೂರು ದಿನದಲ್ಲಿ ಅಕ್ಕನಿಗಿಂತ ಮೊದಲು ಇನ್ನೂ ನಾಲ್ವರು ನೋಡೋಣದವರಿಗೆ ಹೆಸರಾಗಿತ್ತು. ನಾಲ್ವರದನ್ನೂ ನಾನೇ ಅಚ್ಚಿಗೆ ಕಳಿಸಿದ್ದೆ. ಅವರಿಗೆ ಹೆಸರಾಗುವ ಕಾಲ ಬಂದಿರಬೇಕು ಎಂದುಕೊಂಡು ಪ್ರೂಫ್ ತಿದ್ದಿದ್ದೆ.

‘ನಾನು ಎರಡನೇ ಸಲ ಕೇಳಬೇಕಾಗಿತ್ತು,’ ಎಂದರು ವಸುಧಾ.

‘ನೀವು ಎರಡು ಸಲ ಕೇಳಿದ್ರಿ,’ ಎಂದೆ.

ಹೆಸರಾದ ಹತ್ತನೇ ದಿನಕ್ಕೆ ಗಂಟು ನೆಲ್ಲಿಕಾಯಿಯಷ್ಟಾಯಿತು. ಅಳತೆ ಅಕ್ಕನದೇ, ಅವಳಿಗೆ ಇಂಚು ಸೆಂಟಿಮೀಟರು ಬೇಕಾಗಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ಔಷಧ ನಡೆಯಿತು, ಹತ್ತಲಿಲ್ಲ. ಹನ್ನೊಂದು ವರ್ಷದ ಹಿಂದೆಯೇ ಹೆಸರಾಗಿದ್ದರೆ ಹತ್ತುತ್ತಿತ್ತೋ ಏನೋ ನನಗೆ ಗೊತ್ತಿಲ್ಲ. ಸಾಹೇಬರಿಗೂ ಅದು ಖಚಿತವಾಗಿ ಗೊತ್ತಿರಲಿಲ್ಲ. ಮೂವತ್ತೆಂಟನೇ ದಿನದವರೆಗೆ ಅವಳು ಗಿರಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ನನ್ನ ಕೈಯಲ್ಲಿ ಬೀಸಿಸಿದಳು.

‘ಕಲ್ಲು ಬಿಗಿ ಮಾಡ್ಬೇಡ. ಹಿಟ್ಟು ಕಾಯುತ್ತೆ. ರಾಗಿ ಆದ್ಮೇಲೆ ಒಂದು ಹಿಡಿ ಅಕ್ಕಿ ಹಾಕಿ ತೊಳಿ, ಆಮೇಲೆ ಗೋಧಿ. ಎಷ್ಟು ಸಲ ಹೇಳೋದು, ಬರ್ಕೊಳೋ.’

ಬರೆದುಕೊಂಡೆ. ಅವಳ ಉಸಿರು ಆಗಲೇ ಗಿಡ್ಡವಾಗಿತ್ತು. ಬೆಲ್ಟಿನ ಸದ್ದು ನಿಂತ ಮೇಲೆ ಅವಳು ಒಂದು ಮಾತು ಕೇಳಿದಳು.

‘ನೀನು ಬರೆದದ್ದು ಸರಿಯಾಗೇ ಇತ್ತಲ್ಲವೇನೋ?’

‘ಬರೆದದ್ದೆಲ್ಲ ಸರಿ ಇತ್ತು ಅಕ್ಕ.’

‘ಮತ್ತೆ?’

‘ನಿನ್ನದನ್ನು ಹೊಡೆದು ಹಾಕಿದ್ದೆ. ಹನ್ನೊಂದು ಸಲಾನೂ.’

ಅವಳು ಮಡಿಲಿನ ಹಿಟ್ಟು ಕೊಡವಿಕೊಂಡಳು. ‘ಹನ್ನೊಂದು ವರ್ಷ ಏನೂ ಆಗ್ಲಿಲ್ಲ ನನಗೆ,’ ಎಂದಳು. ‘ಅದೆಷ್ಟು ಚೆನ್ನಾಗಿತ್ತು ಗೊತ್ತೇನೋ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮನೆಗೆ ಹೋಗುವಾಗ, ಸಕ್ಕರೆ ಡಬ್ಬದಲ್ಲಿ ಇರುವೆ ಹತ್ತಿದೆ, ಬಿಸಿಲಿಗಿಡು ಎಂದಳು. ಅರವತ್ತೊಂದನೇ ದಿನ ಮಧ್ಯಾಹ್ನ ಎರಡೂವರೆಗೆ ತೀರಿಕೊಂಡಳು. ಐವತ್ತೆಂಟು ವರ್ಷ.

ದವಾಖಾನೆ ಮುಚ್ಚಿಯೇ ಇತ್ತು. ಊರಿನಲ್ಲಿ ಜ್ವರ ಬಂದ ಮಕ್ಕಳು ಜ್ವರದಲ್ಲೇ ಇದ್ದರು. ತಾಯಂದಿರು ಬಾಡಿಗೆ ಗಾಡಿಯಲ್ಲಿ ಹದಿನೆಂಟು ಮೈಲಿ ದೂರದ ಜಿಲ್ಲಾ ಆಸ್ಪತ್ರೆಗೆ ಓಡುತ್ತಿದ್ದರು. ಪುರಸಭೆಯವರು ವಸುಧಾ ಅವರನ್ನು ಅವಸರಪಡಿಸುತ್ತಿದ್ದರು. ಹದಿನಾಲ್ಕನೇ ದಿನದ ಕಾರ್ಯ ಮುಗಿಸಿ ನಾನು ಅವರ ಜೊತೆ ಮತ್ತೆ ಕೂತೆ. ಅಡ್ಡಗೆರೆಯ ಕೆಳಗೂ ನನ್ನ ಅಕ್ಷರ ಓದಲು ಬರುತ್ತಿತ್ತು. ಎಷ್ಟೋ ಕಡೆ ಕೊನೆಯ ಉತ್ತರವಿರಲಿಲ್ಲ, ಅದನ್ನು ಬರೆಯುವ ಮೊದಲೇ ‘ನೋಡೋಣ’ ಕಿವಿಗೆ ಬಿದ್ದು ಪೆನ್ನು ನಿಂತಿತ್ತು. ಆ ಮನೆಗಳಿಗೆ ಹೋದೆ. ಸಾಹೇಬರು ಕೊನೆಗೆ ಏನು ಕೇಳಿದರು, ನೀವು ಏನೆಂದಿರಿ ಎಂದು ವಿಚಾರಿಸಿದೆ. ಹೂವಾಡಗಿತ್ತಿ ಮರಿಯಮ್ಮ ಬಾಗಿಲಲ್ಲೇ ನಿಲ್ಲಿಸಿ, ‘ಈಗ ಬಂದ್ಯಾ ಬರ್ಕೊಳೋಕೆ?’ ಎಂದಳು. ಆಮೇಲೆ ಉತ್ತರ ಹೇಳಿದಳು. ನಾಲ್ಕು ತಿಂಗಳಲ್ಲಿ ಐದು ಸಾವಿರದ ಇನ್ನೂರ ಎಂಟು ಪ್ರಕರಣಗಳನ್ನು ಒಂದೊಂದಾಗಿ ಓದಿ ಹೇಳಿದೆ. ಪ್ರತಿಯೊಂದರ ಕೊನೆಗೂ ವಸುಧಾ ‘ನೋಡೋಣ’ ಎಂದು ಟೈಪ್ ಮಾಡಿದರು. ಅಕ್ಕನ ಹನ್ನೊಂದನ್ನು ಮಾತ್ರ ಅವರು ಹಾಕಲಿಲ್ಲ. ಪರೀಕ್ಷೆಗೆ ಯಂತ್ರ ಕಾಣದ ಪ್ರಕರಣಗಳು ಬೇಕು, ನೀವು ಒಪ್ಪಿದರೆ ಇವು ಇರಲಿ ಎಂದರು. ಒಪ್ಪಿದೆ.

ಶನಿವಾರ ಪರೀಕ್ಷೆ. ವಸುಧಾ ಅಕ್ಕನ ಹೆಸರು, ವಯಸ್ಸು, ಕಸುಬು ಟೈಪ್ ಮಾಡಿದರು. ನಾನು ಅಕ್ಕ ಕೂತಿದ್ದ ಕುರ್ಚಿಯಲ್ಲಿ ಕೂತು ಅವಳ ಬದಲಿಗೆ ಉತ್ತರ ಹೇಳಿದೆ. ಮುದ್ದೆ, ಹುರುಳಿ ಸಾರು. ನಿದ್ದೆ ಬರುತ್ತೆ. ಹನ್ನೊಂದು ವರ್ಷ. ಎಸ್ತರಮ್ಮ ಬರಿಯ ಮೇಜನ್ನು ನೋಡುತ್ತಾ, ‘ಹುಣಸೆಬೀಜದಷ್ಟು, ಗಟ್ಟಿ, ಜರುಗಲ್ಲ’ ಎಂದರು. ರವಿಕೆ ಸಡಿಲವಾಗಿಲ್ಲ. ಏಳಾಯಿತು. ಯಂತ್ರ ಸುಮ್ಮನಿತ್ತು. ಎಷ್ಟು ಹೊತ್ತೆಂದು ಗಡಿಯಾರ ನೋಡುವುದು ನನಗೆ ಮರೆತುಹೋಯಿತು.

‘ಮಿಲ್ಲು ನಡೀತಿದೆಯಾ ಹೊನ್ನಮ್ಮ?’ ಎಂದಿತು.

ವಸುಧಾ ತಲೆಯೆತ್ತಿ ನನ್ನನ್ನು ನೋಡಿದರು. ಆ ದಿನ ರೋಗಿ ಹೇಗಿದ್ದರೋ ಹಾಗೆ ಉತ್ತರ ಕೊಡಬೇಕು ಎಂಬುದು ಪರೀಕ್ಷೆಯ ನಿಯಮ.

‘ನಡೀತಿದೆ ಸಾಹೇಬ್ರೇ,’ ಎಂದೆ.

‘ನೋಡೋಣ. ಬರೋ ವರ್ಷ ಬನ್ನಿ.’

ವಸುಧಾ ತಮ್ಮ ಹಾಳೆಯಲ್ಲಿ ಸರಿ ಎಂದು ಗುರುತು ಹಾಕಿದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ದವಾಖಾನೆ ಮತ್ತೆ ತೆರೆಯಿತು. ಅಂದು ಇಪ್ಪತ್ತೇಳು ಮಂದಿ ಬಂದರು. ಹತ್ತೊಂಬತ್ತು ಮಂದಿಗೆ ಹೆಸರಾಯಿತು, ಎಂಟು ಮಂದಿಗೆ ಆಗಲಿಲ್ಲ. ಮಂಗಳವಾರದ ಪತ್ರಿಕೆಯ ಮೂರನೇ ಪುಟದಲ್ಲಿ, ಹತ್ತೊಂಬತ್ತು ಮಂದಿಯ ಜೊತೆಗೆ, ಆ ಎಂಟು ಮಂದಿಯ ಹೆಸರು, ವಯಸ್ಸು, ಬೀದಿಯೂ ಅಚ್ಚಾದವು.